ಉಸಿರುಗಂಟು

ಮದುವೆಯಲ್ಲಿ ಸೆರಗಿನ ಗಂಟಿನ ಜೊತೆ ಉಸಿರಿನ ಗಂಟನ್ನೂ ಹಾಕುವುದು ಎಲ್ಲರ ಮನೆಯ ಪದ್ಧತಿ. ಗಂಡನಿಗೆ ಉಸಿರು ಸಾಲದಿದ್ದರೆ ಹೆಂಡತಿಯದನ್ನು ಎಳೆದುಕೊಳ್ಳಬಹುದು, ಹೆಂಡತಿಗೆ ಸಾಲದಿದ್ದರೆ ಗಂಡನದನ್ನು. ಎರಡನೆಯದನ್ನು ಯಾರೂ ಕಣ್ಣಾರೆ ಕಂಡವರಿಲ್ಲ.

ದಾವಣಗೆರೆಯ ತಿಪ್ಪೇರುದ್ರಪ್ಪ ಅರವತ್ತರ ಹತ್ತಿರ ಬಂದರೂ ದಿನಾ ಶಟಲ್ ಬ್ಯಾಡ್ಮಿಂಟನ್ ಆಡುವವರು. ಹೆಂಡತಿ ಕೊಟ್ರಮ್ಮನನ್ನು ಡಾಕ್ಟರ ಬಳಿ ಕರೆತಂದರು.

"ಎರಡು ರೊಟ್ಟಿ ತಟ್ಟಿದ್ರೆ ಏದುಸ್ರು ಬಿಡ್ತಾಳ್ರೀ ಮೇಡಂ. ನನ್ನ ನೋಡಿ ಕಲಿ ಅಂದ್ರೆ ಕೇಳಲ್ಲ."

ಡಾಕ್ಟರ್ ಫರೀದಾ ಟ್ರೆಡ್‌ಮಿಲ್ ತೋರಿಸಿದರು. "ನೀವು ಹತ್ರಿ ಸರ್."

"ನಾನಾ? ಪೇಷಂಟ್ ಅವ್ಳು!"

"ಹತ್ರಿ."

ತಿಪ್ಪೇರುದ್ರಪ್ಪ ಓಡುತ್ತಲೇ ಮಹಾನಗರ ಪಾಲಿಕೆಯ ರಾಜಕೀಯ ಮಾತಾಡಿದರು. ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಕೊಟ್ರಮ್ಮ ಏದುಸಿರು ಬಿಡತೊಡಗಿದರು. ಅವರ ತುಟಿ ನೀಲಿಗಟ್ಟಿತು.

ಡಾಕ್ಟರು ಆಕೆಯ ಕೊರಳ ಹಿಂದಿದ್ದ ಉಸಿರುಗಂಟನ್ನು ಬಿಚ್ಚಿದರು.

ರಾಜಕೀಯ ಅರ್ಧಕ್ಕೇ ನಿಂತಿತು. ತಿಪ್ಪೇರುದ್ರಪ್ಪ ಹಿಡಿಕೆಗೆ ಜೋತುಬಿದ್ದು, ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದರು.

"ಎಷ್ಟು ವರ್ಷದಿಂದ ಸರ್, ನಿಮ್ಮ ಆಟ ಇವ್ರು ಆಡ್ತಿರೋದು?" ಎನ್ನುತ್ತ ಡಾಕ್ಟರು ಯಂತ್ರ ನಿಲ್ಲಿಸಿದರು.

ತಿಪ್ಪೇರುದ್ರಪ್ಪ ಯಂತ್ರದಿಂದ ಇಳಿದು ಗೋಡೆಗೆ ಒರಗಿದರು.

ಕೊಟ್ರಮ್ಮ ಎದೆ ತುಂಬ ಉಸಿರೆಳೆದು ಬೆರಗಾದರು. "ಅಯ್ಯೋ, ಊರಾಗೆ ಇಷ್ಟೊಂದು ಗಾಳಿ ಐತಾ ಮೇಡಂ!" ಆಮೇಲೆ ಗಂಡನ ಮುಖ ನೋಡಿದರು. "ಪಾಪ, ಮೆಟ್ಲು ಇಳಿಯೋತನಕ ಮತ್ತೆ ಕಟ್ಬಿಡ್ರಿ. ಅವ್ರಿಗಾಗಲ್ಲ."

ಬೇಡ ಎನ್ನಬೇಕೆಂದುಕೊಂಡರು ತಿಪ್ಪೇರುದ್ರಪ್ಪ. ಅಷ್ಟು ಹೇಳುವುದಕ್ಕೂ ಅವರಲ್ಲಿ ಸ್ವಂತದ ಉಸಿರಿರಲಿಲ್ಲ. ಕೈಯನ್ನು ಅಡ್ಡ ಆಡಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿನತ್ತ ನಡೆದರು.