ಕಾದಿಯುವಿನ ಮಿಡತೆ

ತಿರುಗುಹಿಡಿಯನ್ನು ಹನ್ನೆರಡು ಸುತ್ತು ತಿರುಗಿಸಬೇಕಿತ್ತು. ಕಾರ್ಪೊರಲ್ ಕಾದಿಯು ಆರಕ್ಕೇ ನಿಲ್ಲಿಸಿದ.

“ಅರ್ಧಕ್ಕೇ ಬಿಟ್ರಲ್ಲ?” ಎಂದು ಪಿಸುಗುಟ್ಟಿದ ಬತಿಸ್ತ್. ಊರಲ್ಲಿ ಬಡಗಿ, ಇಲ್ಲಿ ಯಂತ್ರಕ್ಕೆ ಎಣ್ಣೆ ಬಿಡುವವನು.

“ಬಾಯ್ ಮುಚ್ಕೊಂಡು ಬಾಂಬ್ ಇಡು. ಕರ್ನಲ್ ಬರ್ತಿದ್ದಾರೆ.”

1915ರ ವಸಂತ, ಅರ್ಗಾನ್ ಕಾಡಿನ ಫ್ರೆಂಚ್ ಕಂದಕ. ಜರ್ಮನರ ಕಂದಕ ನೂರು ಗಜ ಆಚೆ. ಅವರನ್ನು ಸದೆಬಡಿಯಲು ಸೇನೆ ಕಳಿಸಿದ ಹೊಸ ಅಸ್ತ್ರವೆಂದರೆ ಒಂದು ಬಿಲ್ಲು! ಉಕ್ಕಿನ ಪಟ್ಟಿ, ತಂತಿಯ ಹೆದೆ. ಹಿಡಿ ತಿರುಗಿಸಿ ಹೆದೆ ಬಿಗಿದು ಕೊಕ್ಕೆ ಬಿಟ್ಟರೆ ಕೈಬಾಂಬ್ ಹಾರುತ್ತದೆ. ಸೈನಿಕರು ಅದನ್ನು ಮಿಡತೆ ಎನ್ನುತ್ತಿದ್ದರು. ಎಂಟು ವರ್ಷ ಫಿರಂಗಿ ಹಾರಿಸಿದ ಕಾದಿಯುವಿಗೆ ಅದನ್ನು ಕಂಡರೇ ಮೈ ಉರಿಯುತ್ತಿತ್ತು. ಚಳಿಗಾಲದಲ್ಲಿ ಅವನ ಫಿರಂಗಿ ಬಿರಿದಿತ್ತು. ಬೇರೊಂದು ಬರುವವರೆಗೆ ಎಂದು ಅವನನ್ನು ಈ ಬಿಲ್ಲಿಗೆ ಕಟ್ಟಿದ್ದರು. ಅಡುಗೆಯವನು ಸೂಪು ಬಡಿಸುವಾಗೆಲ್ಲ ಕೇಳುತ್ತಿದ್ದ: “ಏನ್ ದೊರೆ, ಇವತ್ತೆಷ್ಟು ಗುಬ್ಬಿ ಹೊಡೆದ್ರಿ?”

ಇವತ್ತು ಕರ್ನಲ್ ಇದನ್ನು ನೋಡಿ ಮೆಚ್ಚಿದರೆ ಪ್ರತಿ ಕಂದಕಕ್ಕೂ ಒಂದು ಮಿಡತೆ ಬರುತ್ತದೆ, ಕಾದಿಯು ಸಾಯುವವರೆಗೂ ಬಿಲ್ಲುಗಾರ. ಅದಕ್ಕೇ ಆರು ಸುತ್ತು. ಬಾಂಬ್ ಎರಡು ಕಂದಕಗಳ ನಡುವಿನ ಪಾಳುನೆಲದಲ್ಲಿ ಮಣ್ಣು ಮುಕ್ಕಲಿ, ಕರ್ನಲ್ ಮೂಗು ಮುರಿದು ಹೋಗಲಿ. ಸಿಕ್ಕಿಬಿದ್ದರೆ ಗತಿಯೇನೆಂದೂ ಅವನಿಗೆ ಗೊತ್ತಿತ್ತು. ಬೇಕೆಂದೇ ಅಸ್ತ್ರ ಕೆಡಿಸಿದವನನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುತ್ತಾರೆ.

ಕರ್ನಲ್ ಬಂದರು. ಯಂತ್ರದತ್ತ ಕಣ್ಣು ಕೂಡ ಹಾಯಿಸಲಿಲ್ಲ.

“ಫಿರಂಗೀಲಿ ಎಷ್ಟು ವರ್ಷ ಇದ್ದೆ?”

“ಎಂಟು, ಸರ್.”

“ಈ ಮಿಡತೇನ ಬಿಟ್ಟಿರೋಕಾಗುತ್ತೇನಯ್ಯ ನಿನ್ ಕೈಲಿ?”

ಇವರಿಗೂ ಅಡುಗೆಯವನ ಚಾಳಿಯೇ. ಕಾದಿಯು ಕೊಕ್ಕೆಗೆ ಕೈ ಹಾಕಿದ.

“ಹೂಂ, ಒಂದ್ಸಲ ಹಾರಿಸಿ ಮುಗಿಸು.”

ಬತಿಸ್ತ್ ಬತ್ತಿ ಹಚ್ಚಿದ. ಕಾದಿಯು ಕೊಕ್ಕೆ ಬಿಟ್ಟ. ಸದ್ದಿಲ್ಲ, ಹೊಗೆಯಿಲ್ಲ. ಬಾಂಬ್ ಹೊಟ್ಟೆ ತುಂಬಿದ ಕೋಳಿಯಂತೆ ಒಲ್ಲದ ಮನಸ್ಸಿನಿಂದ ಎದ್ದು, ಮೂವತ್ತು ಹೆಜ್ಜೆ ಆಚೆಯ ಹಳೆಯ ಗುಂಡಿಯೊಂದಕ್ಕೆ ಬಿದ್ದು ಸಿಡಿಯಿತು.

ಗುಂಡಿಯಿಂದ ಚೀತ್ಕಾರ ಎದ್ದಿತು, ಜರ್ಮನ್ ಭಾಷೆಯಲ್ಲಿ. ಮೂವರು ಕೈಯೆತ್ತಿಕೊಂಡು ತೆವಳಿ ಬಂದರು. ಐವರು ಬರಲಿಲ್ಲ. ಮುಂಜಾವಿನ ಮಂಜಿನಲ್ಲಿ ಬಂದು ಅಡಗಿದ್ದ ಎಂಟೂ ಮಂದಿಯ ಸೊಂಟದಲ್ಲಿ ಈ ಕಂದಕಕ್ಕೆಂದೇ ತಂದ ಬಾಂಬ್‌ಗಳಿದ್ದವು.

ಕರ್ನಲ್ ಮೊದಲ ಬಾರಿಗೆ ಮಿಡತೆಯನ್ನು ಮುಟ್ಟಿ ನೋಡಿದರು.

“ಅವ್ರು ಅಲ್ಲಿದ್ದಾರೆ ಅಂತ ನಿನಗೆ ಹೇಗೆ ಗೊತ್ತಾಯ್ತು?”

ಬತಿಸ್ತ್ ತಲೆ ತಗ್ಗಿಸಿದ. ಕಾದಿಯು ತಿರುಗುಹಿಡಿಯನ್ನು ಮೈಯಿಂದ ಮರೆಮಾಡಿ ನಿಂತ. ನಿಜ ಹೇಳಿದರೆ ಗೋಡೆ.

“ಯಾಕೋ... ಹಾಗನ್ನಿಸ್ತು, ಸರ್. ಅದಕ್ಕೇ ಹೆದೆ ಸಡಿಲ ಬಿಟ್ಟೆ.”

“ಭೇಷ್,” ಎಂದು ಕರ್ನಲ್ ಅವನ ಬೆನ್ನು ತಟ್ಟಿದರು. “ಇದನ್ನ ಗುಜರಿಗೆ ಹಾಕಿ, ನಿನ್ನನ್ನ ಹೊಸ ಫಿರಂಗಿಗೆ ಕರ್ಕೊಂಡು ಹೋಗೋಣ ಅಂತ ಬಂದಿದ್ದೆ ಕಣಯ್ಯ. ಇನ್ನು ಯುದ್ಧ ಮುಗಿಯೋವರೆಗೂ ನೀನೂ ಈ ಮಿಡತೇನೂ ಇಲ್ಲೇ.”