ಗುಂಡುಸೂಜಿಯ ಗುರುತು

ಪ್ರಾಕ್ಟಿಕಲ್ ಪರೀಕ್ಷೆ ಮುಗಿಯಲು ಹತ್ತೇ ನಿಮಿಷ. ಅಟೆಂಡರ್ ಸುಲಿದು ಕೊರೆದಿಟ್ಟಿದ್ದ ಆಲೂಗಡ್ಡೆಯನ್ನು ನಸೀಮಾ ನೀರಿನ ತಟ್ಟೆಯಲ್ಲಿಟ್ಟು ಗಂಟೆಯಾಗಿತ್ತು. ಗುಳಿಯೊಳಗಿನ ಸಕ್ಕರೆ ಪಾಕ ಗುಂಡುಸೂಜಿಯ ಗುರುತು ಬಿಟ್ಟು ಕೂದಲೆಳೆಯಷ್ಟೂ ಮೇಲೇರಿರಲಿಲ್ಲ. ಜೀವವಿರುವ ಕೋಶದ ಪೊರೆ ಹೊರಗಿನ ನೀರನ್ನು ಒಳಗೆ ಬಿಟ್ಟುಕೊಳ್ಳಲೇಬೇಕು ಎಂದು ಪುಸ್ತಕ ಹೇಳಿತ್ತು. ಅವಳು ಬಗ್ಗಿ ನೋಡಿದಳು, ಕೂತು ನೋಡಿದಳು, ಕೊನೆಗೆ ಬೆವರುತ್ತಲೇ ‘ಏರಲಿಲ್ಲ’ ಎಂದು ಬರೆದಳು.

“ಇಪ್ಪತ್ತೊಂಬತ್ತು ಜನದ್ದೂ ಒಂದು ಸೆಂಟಿಮೀಟರ್ ಏರಿದೆ. ನಿಂದೊಂದು ಯಾಕಮ್ಮ ಏರಿಲ್ಲ?” ಎಂದು ಗದರಿದ ಪರೀಕ್ಷಕರು ಸೊನ್ನೆ ಸುತ್ತಲು ಕೆಂಪು ಪೆನ್ನು ತೆಗೆದರು.

“ನೋಡಿದ್ದನ್ನೇ ಬರ್ದೆ ಸರ್.”

ಅಷ್ಟರಲ್ಲಿ ಅಟೆಂಡರ್ ಬಾಗಿಲಲ್ಲಿ ಇಣುಕಿದ. “ಸರ್, ಮಿಕ್ಕಿರೋ ಆಲೂಗಡ್ಡೇನ ಪಲ್ಯಕ್ಕೆ ತಗೊಂಡೋಗ್ಲಾ? ಸಿಪ್ಪೆ ಬೇಗ ಬರ್ಲಿ ಅಂತ ಬೆಳಿಗ್ಗೆ ಎಲ್ಲಾನೂ ಬೇಯ್ಸಿಬಿಟ್ಟಿದ್ದೆ.”