ಹೆಸರು ಹೇಳದ ವೇಷ

"ವೇಷದವರನ್ನ ಒಳಗೆ ಬಿಡ್ತೀರಾ?" ಎಂದು ಬಾಗಿಲಾಚೆ ಯಾರೋ ಉಸಿರನ್ನು ಒಳಗೆಳೆದುಕೊಂಡು, ದನಿ ಮರೆಸಿ ಕೇಳಿದರು. ಒಲೆಯ ಮುಂದೆ ಬಲೆ ಹೆಣೆಯುತ್ತಿದ್ದ ಏಬ್ನರ್ ತಲೆಯೆತ್ತದೆ, "ಬೇಡ ಅನ್ನು" ಎಂದ. ಅಷ್ಟರಲ್ಲಿ ಅವನ ಹೆಂಡತಿ ಸೆಲೀನಾ ಚಿಲಕ ತೆಗೆದಾಗಿತ್ತು.

ಕ್ರಿಸ್‌ಮಸ್‌ನ ಹನ್ನೆರಡು ದಿನ ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕೊಲ್ಲಿಯಲ್ಲಿ ದೊಡ್ಡವರೇ ಮಕ್ಕಳಾಗಿಬಿಡುತ್ತಾರೆ. ಕಂಡಕಂಡವರ ಬಟ್ಟೆ ತೊಟ್ಟು, ಮುಖಕ್ಕೆ ಮುಸುಕು ಕಟ್ಟಿ ಮನೆಮನೆಗೆ ಹೋಗುತ್ತಾರೆ. ಮನೆಯವರು ಯಾರೆಂದು ಹೆಸರು ಹಿಡಿದು ಹೇಳಿದರೆ ಮುಸುಕು ತೆಗೆಯಬೇಕು. ಕೇಕು, ರಮ್ ಸಿಗುವುದು ಆಮೇಲೆಯೇ. ಸಾವಾದ ಮನೆಗೆ ಮಾತ್ರ ಆ ವರ್ಷ ವೇಷ ಹೋಗುವಂತಿಲ್ಲ. 1916ರಲ್ಲಿ ಹಾಗೆ ಬಿಟ್ಟ ಮನೆಗಳೇ ಏಳು. ಏಬ್ನರನ ಮನೆ ಎಂಟನೆಯದೋ ಅಲ್ಲವೋ ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತ್ತು. ಯುದ್ಧಕ್ಕೆ ಹೋದ ಮಗ ರೂಬೆನ್ 'ಕಾಣೆಯಾಗಿದ್ದಾನೆ' ಎಂದಷ್ಟೇ ಜುಲೈನಲ್ಲಿ ತಂತಿ ಬಂದಿತ್ತು. ಅವತ್ತಿನಿಂದ ಏಬ್ನರ್ ಮಗನ ಹೆಸರೆತ್ತಿದ್ದಿಲ್ಲ.

"ನಾವು ಹೋಗ್ಲಿಲ್ಲ ಅಂದ್ರೆ, ನಿನ್ನ ಮಗ ಸತ್ತ ಅಂತ ಆ ತಾಯಿಗೆ ನಾವೇ ಹೇಳಿದಂಗಾಯ್ತು ಕಣ್ರೋ" ಎಂದು ಧೈರ್ಯ ಮಾಡಿ ಹೊರಟವನು ಮುದುಕ ಗಿಡಿಯನ್ ಒಬ್ಬನೇ. ಹೆಂಡತಿಯ ಲಂಗ ಸುತ್ತಿಕೊಂಡ. ತನ್ನ ಮೀನಿನ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದ್ದ ಯಾವುದೋ ಕೋಟು ಏರಿಸಿದ. ಅದು ರೂಬೆನನ ಕೋಟು. ಹುಡುಗ ಅವನ ದೋಣಿಯಲ್ಲೇ ದುಡಿಯುತ್ತಿದ್ದವನು, ದಂಡಿಗೆ ಹೊರಟ ದಿನ ಅಲ್ಲೇ ಬಿಟ್ಟುಹೋಗಿದ್ದ. ಮುದುಕನಿಗೆ ಅದು ಮರೆತೇಹೋಗಿತ್ತು.

ಸೆಲೀನಾಗೆ ಮೊದಲು ಕಂಡದ್ದು ಮೊಣಕೈಯ ತೇಪೆ. ಕಂದು ಕೋಟಿಗೆ ನೀಲಿ ತೇಪೆ, ಅವಳೇ ಹೊಲಿದದ್ದು. ಬಾಗಿಲನ್ನು ಪೂರ್ತಿ ತೆರೆದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು, "ಬಾ ಒಳಗೆ. ಯಾರಪ್ಪಾ ಇದು? ನಮ್ಮ ಪಾದ್ರಿಗಳಾ?" ಎಂದಳು.

ವೇಷ ಇಲ್ಲವೆಂದು ತಲೆಯಾಡಿಸಿತು.

"ಹಂಗಾದ್ರೆ ಅಂಗಡಿ ಹ್ಯಾನಾ!"

"ಅವಳು ಈ ಬಾಗಿಲಲ್ಲಿ ಹಿಡೀತಾಳಾ?" ಎಂದಿತು ವೇಷ, ಮತ್ತೆ ಉಸಿರೊಳಗೆ.

ಎಡಗಾಲು ಎಳೆದು ನಡೆಯುವ ಗಿಡಿಯನನನ್ನು ಹಿಡಿಯಲು ಕಣ್ಣೇ ಬೇಕಾಗಿರಲಿಲ್ಲ. ವರ್ಷವರ್ಷವೂ ಎಲ್ಲರ ಮನೆಯಲ್ಲೂ ಹೊಸ್ತಿಲಲ್ಲೇ ಸಿಕ್ಕಿಬೀಳುವ ವೇಷ ಅದು. ಸೆಲೀನಾ ಮಾತ್ರ ಊರಿನ ಹೆಸರನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದಳು. ಸೂಲಗಿತ್ತಿಯೆಂದಳು, ದೀಪಸ್ತಂಭ ಕಾಯುವವನೆಂದಳು. ನಡುನಡುವೆ ಕುಣಿಸಿದಳು. ಏಬ್ನರನಿಗೆ ರೇಗಿತು.

"ಏನೇ, ಕಣ್ಣಿಗೆ ಪೊರೆ ಬಂತಾ ನಿಂಗೆ? ಆ ಕಾಲು ನೋಡಿದ್ರೆ ಕೂಸಿಗೂ ಗೊತ್ತಾಗತ್ತೆ, ಗಿಡಿ..."

ಸೆಲೀನಾ ಓಡಿಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಸುಮ್ನಿರಯ್ಯಾ! ಹೆಸರು ಹೇಳಿದ್ರೆ ಮುಸುಕು ತೆಗೀತಾನೆ. ಇನ್ನೊಂದು ಚೂರು ಹೊತ್ತು ಇರ್ಲಿ. ಆ ಕೋಟು ನೋಡು, ನಿನ್ನ ದಮ್ಮಯ್ಯ."

ಪಿಸುಮಾತಾದರೂ ಆ ಪುಟ್ಟ ಅಡುಗೆಮನೆಯಲ್ಲಿ ಎಲ್ಲರಿಗೂ ಕೇಳಿತು. ಏಬ್ನರ್ ಕೋಟು ನೋಡಿದ. ಗಿಡಿಯನ್ನೂ ಬಗ್ಗಿ ತನ್ನ ಮೊಣಕೈ ನೋಡಿಕೊಂಡ. ಮಾಡಿದ ತಪ್ಪು ಮುದುಕನಿಗೆ ಆಗ ತಿಳಿಯಿತು. ಕ್ಷಮೆ ಕೇಳೋಣವೆಂದು ಮುಸುಕಿಗೆ ಕೈ ಹಾಕಿದ. ಸೆಲೀನಾಳ ಮುಖ ಕಂಡು ಕೈ ಇಳಿಸಿದ. ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿದ. ಕುಂಟುಗಾಲನ್ನು ಎಳೆಯದೆ, ನೋವು ನುಂಗಿಕೊಂಡು, ಎತ್ತಿ ಎತ್ತಿ ಇಟ್ಟು ಕುಣಿದ. ಸೆಲೀನಾ ಆ ತೇಪೆಯ ಮೇಲೆ ಕೈಯಿಟ್ಟು ಅವನೊಂದಿಗೆ ಎರಡು ಸುತ್ತು ಬಂದಳು. ಆರು ತಿಂಗಳಲ್ಲಿ ಅವಳು ನಕ್ಕದ್ದು ಅವತ್ತೇ.

ಗಿಡಿಯನ್ ಮುಸುಕು ತೆಗೆಯದೆಯೇ ಹೊರಟುನಿಂತ. ಹೆಸರು ಹಿಡಿಯದ ವೇಷಕ್ಕೆ ಕೇಕು ಕೊಡುವ ಪದ್ಧತಿಯಿಲ್ಲ. ಆದರೂ ಸೆಲೀನಾ ದೊಡ್ಡ ತುಂಡೊಂದನ್ನು ಬಟ್ಟೆಯಲ್ಲಿ ಕಟ್ಟಿ ಕೋಟಿನ ಜೇಬಿಗೆ ತುರುಕಿದಳು. "ಹಸ್ಕೊಂಡು ಇರ್ಬೇಡ" ಎಂದಳು.

ಏಬ್ನರ್ ಬಲೆ ಬದಿಗಿಟ್ಟು ಎದ್ದ. ಲಾಟೀನು ಹಿಡಿದು ಬಾಗಿಲವರೆಗೆ ಬಂದ. ಕೋಟಿನ ಕಾಲರನ್ನು ಕತ್ತಿಗೆ ಎಳೆದು ಸರಿಮಾಡಿ, ತನಗಿಂತ ಹತ್ತು ವರ್ಷ ದೊಡ್ಡವನಿಗೆ ಹೇಳಿದ:

"ಮೆಟ್ಟಿಲು ಜಾರ್ತವೆ. ಜೋಪಾನ, ಮಗಾ."